ಅಣ್ಣನ ಓಲೆ, ತಮ್ಮನ ಕಲ್ಲು

ತನ್ನ ಮನೆತನದ ಕಥೆಯನ್ನು ಬರೆಯಲೆಳಸುವವನಿಗೆ ಇಂದು ದಾರಿಗಳು ಹಲವು. ಆತ್ಮಕಥೆಯುಂಟು, ಜೀವನಚರಿತ್ರೆಯುಂಟು, ಕಾದಂಬರಿಯುಂಟು. ಹತ್ತನೆಯ ಶತಮಾನದ ಕನ್ನಡಿಗನ ಮುಂದೆ ಇವಾವುವೂ ಇರಲಿಲ್ಲ. ಕಾವ್ಯವೆಂದರೆ ಬಹುಮಟ್ಟಿಗೆ ತೀರ್ಥಂಕರರ ಇಲ್ಲವೆ ಪುರಾಣಪುರುಷರ ಚರಿತೆ. ಶಾಸನವೆಂದರೆ ದಾನವಿತ್ತವರ, ಕಾದಿ ಮಡಿದವರ ದಾಖಲೆ. ಹೀಗಿರುವಲ್ಲಿ ಒಂದೇ ತಾಯಿಯ ಮಕ್ಕಳಿಬ್ಬರು ತಮ್ಮ ಮನೆಯ ಮಾತನ್ನು, ಅದಕ್ಕೆಂದು ಮಾಡಿರದ ಪಾತ್ರೆಗಳಲ್ಲಿ ತುಂಬಿಟ್ಟು ಹೋದರು. ಅಣ್ಣನು ಆದಿಕವಿಯೆನಿಸಿದ ಪಂಪ, ತಮ್ಮನು ಜಿನವಲ್ಲಭ. ತಮ್ಮನ ವಿಷಯವಾಗಿ ಎರಡು ಮಾತನ್ನಾಡುವುದು ನಮ್ಮ ಇಂದಿನ ಉದ್ದೇಶ. ಆದರೆ ಅಣ್ಣನ ಮನೆಯಂಗಳವನ್ನು ಹಾಯದೆ ತಮ್ಮನ ಬಳಿಗೆ ಹೋಗುವಂತಿಲ್ಲ.

ಪಂಪನು ಹುಟ್ಟಿದುದು ಕ್ರಿ. ಶ. ೯೦೨ರಲ್ಲಿ. ರಾಷ್ಟ್ರಕೂಟರ ಸಾಮಂತನಾಗಿ ವೇಮುಲವಾಡದಲ್ಲಿ ಆಳುತ್ತಿದ್ದ ಚಾಲುಕ್ಯ ಅರಿಕೇಸರಿಯು ಅವನ ಆಶ್ರಯದಾತ. ೯೪೧ರಲ್ಲಿ ಆದಿಪುರಾಣವು ಮುಗಿಯಿತು. ಅದರ ಬೆನ್ನಿಗೇ ವಿಕ್ರಮಾರ್ಜುನವಿಜಯವು ಬಂದಿತು. ಈ ಎರಡನೆಯದು ರೂಪದಲ್ಲಿಯೇ ಒಂದು ಸಾಹಸ. ತನ್ನ ಒಡೆಯನನ್ನು ಅರ್ಜುನನೊಡನೆ ಒಂದುಗೂಡಿಸಿ ಹಳೆಯ ಭಾರತವನ್ನೂ ಕಣ್ಣೆದುರಿನ ಚರಿತ್ರೆಯನ್ನೂ ಕವಿಯು ಒಟ್ಟಿಗೆ ನಡೆಸಿದನು. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡುವುದಕ್ಕೂ ಅಂಜಲಿಲ್ಲ. ಯುದ್ಧವೆಲ್ಲ ಮುಗಿದ ಮೇಲೆ, ಕಾವ್ಯದ ಕೊನೆಯಲ್ಲಿ, ಅವನು ತನ್ನ ಮನೆಯ ಕಡೆಗೆ ತಿರುಗುತ್ತಾನೆ. ವೆಂಗಿನಾಡಿನ ಮಾಧವ ಸೋಮಯಾಜಿಯು ಅವನ ಪೂರ್ವಿಕ, ಯಜ್ಞಗಳಿಂದ ಹೆಸರಾದವನು. ಆ ಹೋಮದ ಹೊಗೆಯೇ ಹಿರಿಯನ ಕೀರ್ತಿಗೆ ಕಪ್ಪನ್ನು ಹತ್ತಿಸಿತೆಂದು ಕವಿಯು ಸೂಚಿಸುತ್ತಾನೆ. ತಂದೆಯಾದರೋ ಬ್ರಾಹ್ಮಣಕುಲದಲ್ಲಿ ಹುಟ್ಟಿದವನಿಗೂ ನಂಬತಕ್ಕುದು ಜಿನಧರ್ಮವೇ ಎಂದು ಬಗೆದು ಅದನ್ನು ಹಿಡಿದನು. ತಲೆಮಾರುಗಳ ಆಚಾರವು ಒಂದು ಮನೆಯಲ್ಲಿ ಮಗ್ಗುಲು ಬದಲಿಸಿದಾಗ ಒಳಗೆ ಏನೇನು ನಡೆದಿರಬೇಕು! ನೆಂಟರು ಏನೆಂದರು? ಅಡುಗೆಯ ಮನೆಯಲ್ಲಿ ಯಾರು ಕಣ್ಣೊರಸಿಕೊಂಡರು? ಕೆಲವೇ ಪದ್ಯಗಳಲ್ಲಿ ಪಂಪನು ಇದನ್ನೆಲ್ಲ ದಾಟಿಬಿಡುತ್ತಾನೆ. ತಾಯಿಯ ಹೆಸರನ್ನಂತೂ ಅವನು ಹೇಳುವುದೇ ಇಲ್ಲ.

ಈಗ ತಮ್ಮನ ಕಲ್ಲಿಗೆ ಬರೋಣ. ತೆಲಂಗಾಣದ ಕರೀಂನಗರದ ಸೀಮೆಯಲ್ಲಿ ಕುರಿಕ್ಯಾಲವೆಂಬ ಊರುಂಟು. ಅದರ ಬಳಿಯ ಬಂಡೆಗಲ್ಲಿನ ಬೆಟ್ಟವನ್ನು ಊರವರು ಬೊಮ್ಮಲಗುಟ್ಟವೆನ್ನುತ್ತಾರೆ. ಬೊಂಬೆಗಳ ಗುಡ್ಡವೆಂದು ಅರ್ಥ. ಆ ಬೊಂಬೆಗಳು ಬೇರೆಯಲ್ಲ, ಜಿನವಲ್ಲಭನು ಬಂಡೆಯ ಮೇಲೆ ಬಿಡಿಸಿದ ಜಿನಬಿಂಬಗಳು ಮತ್ತು ಚಕ್ರೇಶ್ವರಿ. ಅವುಗಳ ಬಳಿಯಲ್ಲಿ, ೯೪೫ರ ಸುಮಾರಿನಲ್ಲಿ, ಅವನೊಂದು ಶಾಸನವನ್ನು ಕೊರೆಯಿಸಿದನು. ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳು ಅದರಲ್ಲಿ ಕೂಡಿವೆ. ತೆಲುಗಿನ ಪದ್ಯಗಳು ಕಂದಗಳು. ಆ ಭಾಷೆಯಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಕಂದಗಳೆಂದು ಅವಕ್ಕೆ ಮನ್ನಣೆಯಿದೆ.

ಹೊರನೋಟಕ್ಕೆ ಇದು ಧರ್ಮಕಾರ್ಯದ ಶಾಸನ. ಬಸದಿಯನ್ನು ಕಟ್ಟಿಸಿದುದು, ಕೆರೆಯನ್ನು ತೋಡಿಸಿದುದು, ತೋಟವನ್ನು ಮಾಡಿಸಿದುದು ಎಲ್ಲವೂ ಕ್ರಮವಾಗಿಯೇ ಇವೆ. ಆದರೆ ಓದುತ್ತ ಹೋದಂತೆ ಮನೆಯ ಮಾತು ಕೇಳಿಬರುವುದು. ಬಸದಿಯು ತ್ರಿಭುವನತಿಲಕ, ತೋಟವು ಮದನವಿಲಾಸ. ಕೆರೆಗೆ ಮಾತ್ರ ಇಟ್ಟ ಹೆಸರು ಕವಿತಾಗುಣಾರ್ಣವ. ಅದು ಅಣ್ಣನ ಬಿರುದು! ಅರ್ಣವವೆಂದರೆ ಕಡಲು. ಅಣ್ಣನ ಕಡಲನ್ನು ತಮ್ಮನು ಕೆರೆಯಲ್ಲಿ ಕಟ್ಟಿ ಊರ ದನಕರುಗಳಿಗೂ ನೀರಾಗುವಂತೆ ಮಾಡಿದನು. ಅಣ್ಣನಿಗೆ ಅರಿಕೇಸರಿಯು ಧರ್ಮಪುರದ ಅಗ್ರಹಾರವನ್ನಿತ್ತ ಸಂಗತಿಯೂ ಅಲ್ಲಿದೆ. ಕಾವ್ಯದಲ್ಲಿ ಪಂಪನೇ ಹೇಳಿಕೊಂಡ ಮಾತಿಗೆ ಇದು ಕಲ್ಲಿನ ಸಾಕ್ಷಿ.

ಇದಕ್ಕೂ ಮಿಗಿಲಾದುದು ಇನ್ನೊಂದಿದೆ. ತಂದೆ ಭೀಮಪಯ್ಯನೆಂದ ಬಾಯಲ್ಲೇ ಜಿನವಲ್ಲಭನು ತಾಯಿ ಅಬ್ಬಣಬ್ಬೆಯೆಂದನು. ಅಷ್ಟಕ್ಕೆ ನಿಲ್ಲದೆ, ಆಕೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಸೇರಿಸಿದನು. ತಾಯಿಯ ಅಜ್ಜನ ಹೆಸರನ್ನು ಕೇಳಿದರೆ ನಮ್ಮಲ್ಲಿ ಎಷ್ಟೋ ಮಂದಿ ಶ್ರಾದ್ಧದ ದಿನವೂ ಪುರೋಹಿತರ ಮುಖವನ್ನು ನೋಡುವರು!

ಈ ಒಂದು ಹೆಸರಿನಿಂದ ಕನ್ನಡದ ಚರಿತ್ರೆಯಲ್ಲೊಂದು ಕಿಟಕಿಯು ತೆರೆಯಿತೆಂದು ನಾವು ಎಣಿಸುತ್ತೇವೆ. ಮನೆತನವು ತೆಲುಗು ನಾಡಿನದು, ಆಸ್ಥಾನವೂ ಅಲ್ಲಿಯದೇ. ಆದರೂ ಪಂಪನು ತನ್ನ ಕಾವ್ಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಅಷ್ಟು ದೂರದ ಪುಲಿಗೆರೆಯು ಅವನ ನಾಲಗೆಗೆ ಹೇಗೆ ಬಂದಿತು? ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಬೆಳ್ವೊಲವು ಅದರ ನೆರೆಯ ನಾಡು. ಆ ನುಡಿಯು ತಾಯಿಯ ಬಾಯಿಂದ ಬಂದಿರಬೇಕೆಂದು ತೋರುತ್ತದೆ. ಅಣ್ಣನು ಆಕೆಯ ಹೆಸರನ್ನು ಬಿಟ್ಟು ಭಾಷೆಯನ್ನು ಉಳಿಸಿದನು; ತಮ್ಮನು ಹೆಸರನ್ನೇ ಉಳಿಸಿದನು.

ಈ ಬಂಡೆಯ ಬರಹವು ವಿದ್ವಾಂಸರ ಓದಿಗೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದುವರೆಗೆ ಸಾವಿರ ವರ್ಷಗಳ ಕಾಲ ಅಬ್ಬಣಬ್ಬೆಯು ಮಳೆಬಿಸಿಲುಗಳಲ್ಲಿ ಓದುಗರಿಲ್ಲದೆ ನಿಂತಿದ್ದಳು. ಕರೀಂನಗರದ ಕಗ್ಗಲ್ಲಿಗೆ ಈಗ ಬೆಲೆ ಹೆಚ್ಚು. ಆ ಸೀಮೆಯ ಗುಡ್ಡಗಳನ್ನು ಸೀಳಿ ಚಪ್ಪಡಿಗಳನ್ನು ದೂರದೇಶಗಳಿಗೆ ಸಾಗಿಸುತ್ತಾರೆ. ಜಿನವಲ್ಲಭನು ತಾಯಿಯ ಹೆಸರನ್ನು ಕೊರೆಯಿಸಿದುದೂ ಆ ಸೀಮೆಯ ಕಲ್ಲಿನಲ್ಲಿಯೇ.