ಮೇಜಿನೊಳಗೊಂದು ಕ್ಯಾಮೆರಾ

ಇಸ್ಪೀಟ್ ಆಟವನ್ನು ಹಿಂದೆ ನಿಂತು ನೋಡಿದ್ದೀರಾ? ಯಾರ ಬೆನ್ನ ಹಿಂದೆ ನಿಂತಿರ್ತೀರೋ ಅವರ ಎಲೆಗಳಾದರೂ ಕಾಣುತ್ತವೆ. ಟಿವಿ ಮುಂದೆ ಕೂತವನಿಗೆ ಒಂದು ಕಾಲದಲ್ಲಿ ಅದೂ ಇರಲಿಲ್ಲ. 1970ರಲ್ಲಿ ಲಾಸ್ ವೇಗಸ್‌ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಬೆನ್ನಿ ಬಿನಿಯನ್ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಶುರು ಮಾಡಿದ. ಮುಂದೆ ಅದು ಟಿವಿಗೂ ಬಂತು. ಆದರೆ ನೋಡೋದಕ್ಕೆ ಏನಿತ್ತು ಹೇಳಿ? ಟೋಪಿ ಹಾಕಿಕೊಂಡವರು ಮುಖ ಬಿಗಿದುಕೊಂಡು ಕೂತಿರೋದು. ಕೈಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ, ಬ್ಲಫ್ ಮಾಡ್ತಿದಾನೆ ಅಂತ ತಿಳಿಯೋದು ಹೇಗೆ?

ಈ ಬೀಗ ತೆರೆದವನು ಹೆನ್ರಿ ಒರೆನ್‌ಸ್ಟೈನ್. ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಆಟಿಕೆ ವ್ಯಾಪಾರ ಮಾಡಿದವನು. ನಮ್ಮ ಮಕ್ಕಳು ಆಡುವ ಟ್ರಾನ್ಸ್‌ಫಾರ್ಮರ್ಸ್ ಗೊಂಬೆ ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯ ಕೈಗೆ ಬರೋದಕ್ಕೂ ಇವನೇ ಕಾರಣ. ಆಟಗಾರನ ಮುಚ್ಚಿಟ್ಟ ಎಲೆಯನ್ನು ಪ್ರೇಕ್ಷಕನಿಗೆ ತೋರಿಸುವ ಉಪಾಯಕ್ಕೆ 1995ರಲ್ಲಿ ಪೇಟೆಂಟ್ ಪಡೆದ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4 ತನ್ನ ‘ಲೇಟ್ ನೈಟ್ ಪೋಕರ್’ನಲ್ಲಿ ಮೇಜಿಗೆ ಗಾಜು ಹಾಕಿ ಎಲೆಗಳನ್ನು ತೋರಿಸಿತು. ಈಗ ಆಡುವವನಿಗಿಂತ ನೋಡುವವನಿಗೇ ಹೆಚ್ಚು ಗೊತ್ತು! ಸೋಫಾದಲ್ಲಿ ಕೂತವನೂ “ಅಯ್ಯೋ, ಎಸೀಬೇಡ ಕಣೋ” ಅಂತ ಕೂಗಬಹುದು.

ಇದನ್ನು ದೊಡ್ಡ ವ್ಯಾಪಾರ ಮಾಡಿದ್ದು ವರ್ಲ್ಡ್ ಪೋಕರ್ ಟೂರ್. ಸ್ಟೀವನ್ ಲಿಪ್ಸ್‌ಕಂಬ್ ಅವರ ಯೋಜನೆ, ಲೈಲ್ ಬರ್ಮನ್ ಅವರ ಬಂಡವಾಳ. 2002ರಲ್ಲಿ ಬೆಲ್ಲಾಜಿಯೊದಲ್ಲಿ ನಡೆದ ಮೊದಲ ಪಂದ್ಯವನ್ನು ಡೆನ್ಮಾರ್ಕಿನ ಗಸ್ ಹ್ಯಾನ್ಸನ್ ಗೆದ್ದ. 2003ರ ಮಾರ್ಚ್‌ನಿಂದ ಟ್ರಾವೆಲ್ ಚಾನೆಲ್‌ನಲ್ಲಿ ಪ್ರಸಾರ. ಗಂಟೆಗಟ್ಟಲೆ ನಡೆದ ಕೊನೆಯ ಮೇಜಿನ ಆಟ ಜಾಹೀರಾತು ಸೇರಿ ಎರಡು ಗಂಟೆಗೆ ಇಳಿಯುತ್ತಿತ್ತು. ಎಡಿಟಿಂಗ್ ಟೇಬಲ್ ಏನು ಮಾಡಬಲ್ಲದು ಅಂತ ನಮ್ಮ ಕಸುಬಿನವರಿಗೆ ಹೇಳಿಕೊಡಬೇಕಿಲ್ಲ. ಬೇಸರದ ನೂರು ಕೈ ಕತ್ತರಿಸಿ ಬಿಸಾಕಿದರೆ, ಉಳಿದದ್ದೆಲ್ಲ ರೋಮಾಂಚನ. ಅದೇ ವರ್ಷ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಆನ್‌ಲೈನ್‌ನಲ್ಲಿ ಪುಡಿಗಾಸಿಗೆ ಪ್ರವೇಶ ಗಿಟ್ಟಿಸಿ ವರ್ಲ್ಡ್ ಸೀರೀಸ್‌ನಲ್ಲಿ 25 ಲಕ್ಷ ಡಾಲರ್ ಗೆದ್ದ. ಹೆಸರೇ ಮನಿಮೇಕರ್, ಸ್ವಾಮಿ! ಆ ವರ್ಷ 839 ಆಟಗಾರರಿದ್ದ ಮುಖ್ಯ ಪಂದ್ಯಕ್ಕೆ 2006ರಲ್ಲಿ 8,773 ಮಂದಿ ಬಂದರು. ಗೆದ್ದವನೊಬ್ಬ. ಸೋತು ಮನೆಗೆ ಹೋದವರ ಮುಖದ ಮೇಲೆ ಯಾವ ಕ್ಯಾಮೆರಾ ಇತ್ತು?

ಇನ್ನೊಂದು ವಿಷಯ. ಪರದೆ ಮೇಲೆ ರಾಶಿ ಹಾಕಿ ತೋರಿಸುವ ಆ ನೋಟಿನ ಕಟ್ಟುಗಳು ಚಾನೆಲ್‌ನವರ ದುಡ್ಡಲ್ಲ. ಆಟಗಾರರೇ ಕಟ್ಟಿದ ಪ್ರವೇಶ ಶುಲ್ಕ. 2003ರ ಟೂರ್ ಚಾಂಪಿಯನ್‌ಶಿಪ್‌ಗೆ ತಲೆಗೆ 25,000 ಡಾಲರ್. ಕಲಾವಿದರು ತಾವೇ ಕಾಸು ಹಾಕಿ ಧಾರಾವಾಹಿಯಲ್ಲಿ ನಟಿಸಿದ ಹಾಗೆ! 2004ರಲ್ಲಿ ಕಂಪನಿ ಷೇರು ಪೇಟೆಗೂ ಹೋಯಿತು. 2006ರಲ್ಲಿ ಹೊವರ್ಡ್ ಲೆಡರರ್, ಆನಿ ಡ್ಯೂಕ್, ಗ್ರೆಗ್ ರೇಮರ್ ಸೇರಿ ಏಳು ಮಂದಿ ಕೋರ್ಟಿಗೆ ಹೋದರು. ಆಡಬೇಕಾದರೆ ನಮ್ಮ ಮುಖ, ಹೆಸರಿನ ಹಕ್ಕು ಬರೆದುಕೊಡಬೇಕು ಅಂದರೆ ಹೇಗೆ ಅನ್ನೋದು ಅವರ ತಕರಾರು. 2008ರಲ್ಲಿ ರಾಜಿಯಾಯಿತು, ಆ ಕರಾರುಪತ್ರವನ್ನು ತಿದ್ದಲಾಯಿತು. ಬಹುಮಾನದ ದುಡ್ಡು ಮಾತ್ರ ಆಟಗಾರರ ಜೇಬಿನಿಂದಲೇ ಬರುತ್ತಾ ಇತ್ತು.