ಬೀಸುವ ಕಲ್ಲಿನಿಂದ ಗಿರಣಿಯವರೆಗೆ: ದುಡಿಮೆಯ ನಡುವೆ ಮನಸ್ಸಿನ ಮಾತು



ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಇಬ್ಬರು ಭೇಟಿಯಾದರೆ ಮೊದಲು ಕೇಳುವ ಮಾತು, ‘ಆರಾಮ ಅದೀರೇನ್ರೀ?’ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಹೂಂನ್ರೀ, ಆರಾಮ.’ ಓಣಿಯಲ್ಲಿ ಇಷ್ಟು ಸಾಕು. ಆದರೆ ನಾಳೆ ನೀವು ಕಚೇರಿಗೋ ಕಾರ್ಖಾನೆಗೋ ಶಾಲೆಗೋ ಕೆಲಸಕ್ಕೆ ಸೇರುತ್ತೀರಿ. ಮನಸ್ಸು ಆರಾಮವಿಲ್ಲದ ದಿನ ಅಲ್ಲಿ ಏನು ಹೇಳುತ್ತೀರಿ? ಹೇಳಿದರೆ ಕೇಳುವವರು ಯಾರು? ಇದು ಪಟ್ಟಣದ ಕಚೇರಿಗಳಲ್ಲಿ ಈಚೆಗೆ ಹುಟ್ಟಿದ ಪ್ರಶ್ನೆ ಎಂದು ಅನೇಕರು ತಿಳಿದಿದ್ದಾರೆ. ಅರಭಾವಿಯ ಸುತ್ತಲಿನ ದುಡಿಮೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಹಿಟ್ಟಿನ ಗಿರಣಿ ಬರುವ ಮೊದಲು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ಮನೆಯಲ್ಲೇ ಬೀಸಬೇಕಿತ್ತು. ನಸುಕಿನಲ್ಲಿ ಎದ್ದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಎದುರುಬದುರು ಕುಳಿತು, ಒಂದೇ ಗೂಟಕ್ಕೆ ಕೈ ಹಾಕಿ ಬೀಸುತ್ತಿದ್ದರು. ಕಲ್ಲು ತಿರುಗುವ ಲಯಕ್ಕೆ ತ್ರಿಪದಿಗಳು ಹೊರಡುತ್ತಿದ್ದವು. ದೇವರ ನೆನಹು, ತವರಿನ ಹಂಬಲ, ಅಣ್ಣತಮ್ಮಂದಿರ ಮೇಲಿನ ಅಕ್ಕರೆ, ಅತ್ತೆಯ ಬಿರುನುಡಿ, ಮಕ್ಕಳಿಲ್ಲದ ಕೊರಗು, ಎಲ್ಲವೂ ಅವುಗಳಲ್ಲಿ ಬರುತ್ತಿದ್ದವು.

ಇಲ್ಲೊಂದು ವಿಶೇಷವನ್ನು ಗಮನಿಸಿ. ಹಗಲಿನಲ್ಲಿ ನೇರವಾಗಿ ಆಡಿದ್ದರೆ ಜಗಳಕ್ಕೆ ಕಾರಣವಾಗಬಹುದಾಗಿದ್ದ ಮಾತು ಹಾಡಾಗಿ ಬಂದಾಗ ನಡೆಯುತ್ತಿತ್ತು. ಏಕೆಂದರೆ ಹಾಡು ಪರಂಪರೆಯಿಂದ ಬಂದದ್ದು, ಹಾಡಿದವಳೊಬ್ಬಳದೇ ಅಲ್ಲ. ಎದುರಿಗೆ ಕುಳಿತವಳು ಅದೇ ಭಾರ ಎಳೆಯುತ್ತಿದ್ದುದರಿಂದ ಆಕೆಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಹೀಗೆ ದುಡಿಯುವ ಜಾಗದಲ್ಲೇ, ದುಡಿಮೆ ನಿಲ್ಲಿಸದೆ, ಶಿಕ್ಷೆಯ ಭಯವಿಲ್ಲದೆ ಮನಸ್ಸನ್ನು ಹೇಳಿಕೊಳ್ಳುವ ಒಂದು ಏರ್ಪಾಡು ನಮ್ಮ ಅಜ್ಜಿಯರಿಗೆ ಇತ್ತು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರತಂದರು. ಗೋಕಾಕ ತಾಲ್ಲೂಕಿನ ಬೆಟಗೇರಿ ಕೃಷ್ಣಶರ್ಮರು, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಕಾವ್ಯಕ್ಕೆ ಕಸುವು ಪಡೆದದ್ದು ಈ ಭಾಗದ ಜನರ ಆಡುಮಾತು, ಹಾಡುಗಳಿಂದಲೇ.

ಆದರೆ ಹಾಡಿದ್ದರಿಂದ ಕಲ್ಲಿನ ಭಾರ ಕಡಿಮೆಯಾಗಲಿಲ್ಲ. ಅತ್ತೆಯ ಮನೆಯ ಕಟ್ಟಳೆಗಳೂ ಬದಲಾಗಲಿಲ್ಲ. ನೋವಿಗೆ ಮಾತು ಸಿಕ್ಕಿತು, ಪರಿಹಾರ ಸಿಗಲಿಲ್ಲ. ಈ ಮಿತಿಯನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಲೆಂದು 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಅದೇ ಮುಂದೆ ಗೋಕಾಕ ಮಿಲ್ಸ್ ಎಂದು ಹೆಸರಾಯಿತು. ಹೊಲ, ಮನೆಗಳಲ್ಲಿ ದುಡಿದು ಗೊತ್ತಿದ್ದವರಿಗೆ ಸಿಳ್ಳಿನ ಸದ್ದು, ಪಾಳಿ, ಹಾಜರಿ ಪುಸ್ತಕ ಎಲ್ಲವೂ ಹೊಸತು. ಯಂತ್ರದ ಲಯ ಮನುಷ್ಯನ ಉಸಿರಿಗೆ ಹೊಂದುವಂಥದ್ದಲ್ಲ.

ಇದರ ಹಿಂದಿನ ವಿಜ್ಞಾನವನ್ನೂ ಸ್ವಲ್ಪ ನೋಡೋಣ. ನಾವು ಸಹಜವಾಗಿ ಮಾತಾಡುವಾಗ ಧ್ವನಿ ಸುಮಾರು 60 ಡೆಸಿಬೆಲ್ ಇರುತ್ತದೆ. ಯಂತ್ರಮಗ್ಗಗಳ ನಡುವೆ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ವ್ಯತ್ಯಾಸ ಬರಿಯ 30 ಎಂದು ಕಂಡರೂ ಈ ಅಳತೆಯಲ್ಲಿ ಪ್ರತಿ 10 ಡೆಸಿಬೆಲ್‌ಗೆ ಸದ್ದಿನ ತೀವ್ರತೆ 10 ಪಟ್ಟಾಗುತ್ತದೆ. ಎಂದರೆ ಯಂತ್ರದ ಸದ್ದು ಮಾತಿಗಿಂತ 1,000 ಪಟ್ಟು ತೀವ್ರ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳ ನೇಕಾರ ಹೆಂಗಸರು ತುಟಿಯ ಚಲನೆ ನೋಡಿಯೇ ಮಾತು ತಿಳಿಯುವುದನ್ನು ರೂಢಿಸಿಕೊಂಡಿದ್ದರು. ಕೆಲಸದ ನಡುವೆ ಹಾಡುವುದಿರಲಿ, ಪಕ್ಕದವರಿಗೆ ಒಂದು ಮಾತು ಹೇಳುವುದೂ ಕಷ್ಟವಾದ ಕಾಲ ಅದು.

ಹಲಸಂಗಿಯಲ್ಲಿ ಹಾಡುಗಳ ಸಂಗ್ರಹ ನಡೆದಿದ್ದ ಹೊತ್ತಿನಲ್ಲೇ ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಬೇರೊಂದು ಪ್ರಯತ್ನ ನಡೆಯಿತು. 1928ರಿಂದ 1930ರವರೆಗೆ ಅಲ್ಲಿ 20 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಸಂದರ್ಶಿಸಲಾಯಿತು. ಮೊದಮೊದಲು ಸಿದ್ಧ ಪ್ರಶ್ನೆಗಳನ್ನು ಕೇಳಿದರು. ಕೆಲಸಗಾರರು ಅವನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದಾಗ, ಪ್ರಶ್ನೆ ಬದಿಗಿಟ್ಟು ಕೇಳಿಸಿಕೊಳ್ಳತೊಡಗಿದರು. ಏನೂ ಬದಲಾಗದಿದ್ದರೂ, ಹೇಳಿಕೊಂಡ ಮೇಲೆ ಪರಿಸ್ಥಿತಿ ಸುಧಾರಿಸಿದೆ ಎಂದು ಕೆಲವರಿಗೆ ಅನಿಸಿತು. ಬೀಸುವ ಕಲ್ಲಿನ ಗುಣವೂ ಮಿತಿಯೂ ಇಲ್ಲಿ ಮತ್ತೆ ಕಾಣುತ್ತವೆ. ಕೇಳಿಸಿಕೊಂಡರೆ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಕೂಲಿ, ವೇಳೆ, ವಿಶ್ರಾಂತಿಗಳನ್ನು ಸರಿಪಡಿಸದೆ ಕೇಳಿಸಿಕೊಳ್ಳುವುದಷ್ಟೇ ಆದರೆ ಅದು ಸಮಾಧಾನಪಡಿಸುವ ಉಪಾಯವಾಗಿಬಿಡುತ್ತದೆ.

ಆದ್ದರಿಂದಲೇ ಕಾನೂನು ಬೇಕಾಯಿತು. ನಮ್ಮ ದೇಶದಲ್ಲಿ 1891ರ ಕಾಯಿದೆ ಕಾರ್ಖಾನೆಗಳ ಹೆಣ್ಣಾಳುಗಳ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿತು. 1948ರ ಕಾಯಿದೆ ವಯಸ್ಕರಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದಿತು. ಮನಸ್ಸಿನ ಆರೋಗ್ಯದ ಕಡೆ ಗಮನ ಬಂದದ್ದು ನಿಧಾನವಾಗಿ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. 1980ರ ದಶಕದಲ್ಲಿ ಆ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಆ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದು, ರೋಗಿ ಹೇಳಿದ್ದನ್ನು ವೈದ್ಯರು ಗೋಪ್ಯವಾಗಿಡಬೇಕು ಎಂದಿತು. ಖಿನ್ನತೆ ಮತ್ತು ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮಿತ್ರರೇ, ‘ಧೈರ್ಯವಾಗಿ ಹೇಳಿ’ ಎಂದು ಉಪದೇಶಿಸುವುದು ಸುಲಭ. ಇತಿಹಾಸ ನೋಡಿದರೆ, ಪ್ರಾಮಾಣಿಕತೆ ಹೇಳುವವನೊಬ್ಬನ ಧೈರ್ಯದಿಂದ ಬರುವಂಥದ್ದಲ್ಲ. ಹೇಳಿದ್ದಕ್ಕೆ ಶಿಕ್ಷೆಯಾಗದ ಜಾಗ ಬೇಕು, ಭಾರ ಗೊತ್ತಿರುವ ಜೊತೆಗಾರ ಬೇಕು, ಕೇಳಿದ ಮೇಲೆ ಏನಾದರೂ ಬದಲಾಯಿಸುವ ವ್ಯವಸ್ಥೆ ಬೇಕು. ಮೊದಲ ಎರಡನ್ನು ಅಜ್ಜಿಯರು ಬೀಸುವ ಕಲ್ಲಿನ ಬಳಿ ಕಟ್ಟಿಕೊಂಡಿದ್ದರು. ಮೂರನೆಯದಕ್ಕಾಗಿ ಗಿರಣಿಯ ಕಾಲದ ದುಡಿಮೆಗಾರರು ಹೋರಾಡಿದರು. ಬೀಸುವ ಕಲ್ಲು ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಆದರೆ ಮೂರೂ ಒಂದೆಡೆ ಸೇರುವಂತೆ ಮಾಡುವ ಕೆಲಸ ನಿಮ್ಮ ಪೀಳಿಗೆಗೆ ಉಳಿದಿದೆ.

ಕೆಲಸಕ್ಕೆ ಸೇರಿದ ಮೇಲೆ, ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ನಂಬುವ ಒಬ್ಬರಿಗೆ ಹೇಳಿ. ಅಂಥವರು ಯಾರೂ ಸಿಗದಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದೊಂದು ದಿನ ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುವಂತಾದಾಗ, ‘ಆರಾಮ ಅದೀರೇನ್ರೀ?’ ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲಿರಿ.