ದನ ಕಾಯೋ ಕೆಲಸ, ರಿಟೈರ್ಮೆಂಟ್ ಮತ್ತು 1887ರ ಹಿಮ

ಇವತ್ತಿನ ಕಥೆ ಒಂದು ಬೈಗುಳದಿಂದ ಶುರುವಾಗುತ್ತೆ.

ಪಿಯುಸಿಯಲ್ಲಿ ಅಕೌಂಟೆನ್ಸಿಗೆ ನನಗೆ 41 ಮಾರ್ಕ್ಸ್ ಬಂದಿತ್ತು. ನಮ್ಮ ದೊಡ್ಡಪ್ಪ ಆಗ ಬ್ಯಾಂಕ್ ಮ್ಯಾನೇಜರ್. ಮಾರ್ಕ್ಸ್ ಕಾರ್ಡ್ ನೋಡಿದ್ರು, ಕನ್ನಡಕ ತೆಗೆದ್ರು, ಒಂದೇ ಮಾತು ಹೇಳಿದ್ರು: "ಹಿಂಗೇ ಓದಿದ್ರೆ ದನ ಕಾಯೋಕೆ ಹೋಗ್ಬೇಕಾಗುತ್ತೆ ಕಣಮ್ಮ." ಈ ಮಾತು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಮ್ಮಿ.

ಹತ್ತು ವರ್ಷ ಆಯ್ತು. ಹೋದ ಚಳಿಗಾಲದಲ್ಲಿ ಅದೇ ದೊಡ್ಡಪ್ಪ ಅಮೆರಿಕದ ಮಿನ್ನೆಸೋಟದಿಂದ ವಿಡಿಯೋ ಕಾಲ್ ಮಾಡಿದ್ರು. "ಪುಟ್ಟಿ, ಇಲ್ಲಿ ಪಕ್ಕದ್ಮನೆ ಯಜಮಾನ್ರು ಇದಾರಲ್ಲ, 73 ವರ್ಷ, ರಿಟೈರ್ಡ್ ಇಂಜಿನಿಯರ್ರು. ದನ ಕಾಯೋನ ವೇಷ ಹಾಕ್ಕೊಂಡು ಬಂದೂಕು ಹೊಡೀತಾರಂತೆ. ಅದೂ ಕೈಯಿಂದ ದುಡ್ಡು ಹಾಕಿ!"

ಅವರ ದನಿಯಲ್ಲಿ ನಗು ಇತ್ತು. ಎರಡು ತಿಂಗಳಲ್ಲಿ ಅದೇ ಮೊದಲ ಸಲ ಅವರು ನಕ್ಕಿದ್ದು. ಅದಕ್ಕೇ ನಾನು ಈ ವಿಷಯದ ಹಿಂದೆ ಬಿದ್ದೆ.

ದೊಡ್ಡಮ್ಮ ತೀರಿಕೊಂಡು ಎರಡು ವರ್ಷ ಆಗಿತ್ತು. ದಾವಣಗೆರೆಯ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಅಣ್ಣ ಹಟ ಮಾಡಿ ನವೆಂಬರ್‌ನಲ್ಲಿ ಕರೆಸಿಕೊಂಡ, ಆರು ತಿಂಗಳ ವಿಸಿಟರ್ ವೀಸಾ. ಗ್ರೀನ್ ಕಾರ್ಡ್ ಮಾಡಿಸಿ ಅಲ್ಲೇ ಇಟ್ಕೊಳ್ಳೋ ಯೋಚನೆ ಅವನದು. ಆದ್ರೆ ಹೊರಗೆ ಮೈನಸ್ 20 ಡಿಗ್ರಿ. ಅಣ್ಣ, ಅತ್ತಿಗೆ ಆಫೀಸಿಗೆ, ಮಗು ಸ್ಕೂಲಿಗೆ. "ಬೆಳಿಗ್ಗೆ ಕಿಟಕಿ ಹತ್ರ ಕೂತ್ಕೋತೀನಿ, ಹಿಮ ಬೀಳ್ತಿರುತ್ತೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ್ರೆ ಇನ್ನೂ ಬೀಳ್ತಿರುತ್ತೆ," ಅಂತಿದ್ರು. ಒಂದ್ಸಲ ಮೆಲ್ಲಗೆ ಹೇಳಿದ್ರು: "ಊರಲ್ಲಿ ಮಂಡಕ್ಕಿ ಅಂಗಡಿಯವ್ನೂ ನನ್ನ ಮ್ಯಾನೇಜರ್ ಸಾಹೇಬ್ರೇ ಅಂತಾನೆ. ಇಲ್ಲಿ ನಂಗೆ ಹೆಸರೇ ಇಲ್ಲ ಪುಟ್ಟಿ." ಆ ಮಾತು ನೆನಪಲ್ಲಿರಲಿ, ಮತ್ತೆ ಬೇಕಾಗುತ್ತೆ.

ಮೊದಲು ಪಕ್ಕದ್ಮನೆಯವರ ಆಟ ಏನು ಅಂತ ನೋಡೋಣ. ಅದರ ಹೆಸರು ಕೌಬಾಯ್ ಆ್ಯಕ್ಷನ್ ಶೂಟಿಂಗ್. 1980ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಹಳೇ ವೆಸ್ಟರ್ನ್ ಸಿನಿಮಾಗಳ ಹುಚ್ಚಿದ್ದ ಕೆಲವು ಗೆಳೆಯರು ಶುರು ಮಾಡಿದ್ದು. 1982ರಲ್ಲಿ 'ಎಂಡ್ ಆಫ್ ಟ್ರೇಲ್' ಅನ್ನೋ ಮೊದಲ ದೊಡ್ಡ ಪಂದ್ಯ ಆಯ್ತು. 1987ರಲ್ಲಿ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಹುಟ್ಟಿತು.

ನಿಯಮ ಸರಳ. 19ನೇ ಶತಮಾನದ ಮಾದರಿಯ ಎರಡು ರಿವಾಲ್ವರ್, ಒಂದು ಲಿವರ್ ರೈಫಲ್, ಒಂದು ಶಾಟ್‌ಗನ್. ಟೈಮರ್ ಬೀಪ್ ಅಂದ ತಕ್ಷಣ ಹೇಳಿದ ಕ್ರಮದಲ್ಲಿ ಕಬ್ಬಿಣದ ತಟ್ಟೆಗಳಿಗೆ ಗುರಿ ಇಟ್ಟು ಹೊಡೀಬೇಕು. ಎಷ್ಟು ಸೆಕೆಂಡ್ ತಗೊಂಡ್ರಿ ಅನ್ನೋದೇ ಸ್ಕೋರ್. ಒಂದು ಗುರಿ ತಪ್ಪಿದ್ರೆ 5 ಸೆಕೆಂಡ್ ದಂಡ. ಆರು ಗುಂಡು ಹಿಡಿಯೋ ರಿವಾಲ್ವರ್‌ಗೆ ಐದೇ ಹಾಕ್ತಾರೆ. ಆ ಹಳೇ ವಿನ್ಯಾಸದಲ್ಲಿ ಸುತ್ತಿಗೆ ತುಂಬಿದ ಗುಂಡಿನ ಮೇಲೆ ಕೂತಿದ್ರೆ, ಕೈಜಾರಿ ಬಿದ್ದಾಗ ಹಾರಿಬಿಡಬಹುದು. ಆ ಕಾಲದ ವೇಷ ಕಡ್ಡಾಯ. ಜೊತೆಗೆ ಪ್ರತಿ ಸದಸ್ಯರೂ ಒಂದು ಅಡ್ಡಹೆಸರು ನೋಂದಾಯಿಸ್ಬೇಕು. ಒಬ್ಬರ ಹೆಸರು ಇನ್ನೊಬ್ಬರಿಗೆ ಸಿಗಲ್ಲ.

ವಯಸ್ಸಿನ ವಿಭಾಗಗಳು ಇನ್ನೂ ಮಜಾ. 60 ದಾಟಿದ್ರೆ ಸೀನಿಯರ್. 65ಕ್ಕೆ ಸಿಲ್ವರ್ ಸೀನಿಯರ್. 70ಕ್ಕೆ ಎಲ್ಡರ್ ಸ್ಟೇಟ್ಸ್‌ಮನ್. 75ಕ್ಕೆ ಕ್ಯಾಟಲ್ ಬ್ಯಾರನ್, ಅಂದ್ರೆ ದನಗಳ ದೊರೆ. ಪಕ್ಕದ್ಮನೆಯವರು ದೊಡ್ಡಪ್ಪನ ಹತ್ರ ಹೇಳಿದ್ರಂತೆ: ಇನ್ನೆರಡು ವರ್ಷ ಬದುಕಿದ್ರೆ ನನಗೆ ಪ್ರಮೋಷನ್ ಅಂತ.

ದನಗಳ ದೊರೆ. ಆ ಪದ ನನ್ನ ತಲೇಲಿ ಹುಳ ಬಿಟ್ಟಿತು. ಬಿಕಾಂ ಓದಿದೋಳಲ್ವಾ, ನಿಜವಾದ ಆ ದೊರೆಗಳ ಬ್ಯಾಲೆನ್ಸ್ ಶೀಟ್ ಹೇಗಿತ್ತು ಅಂತ ಹುಡುಕೋಕೆ ಹೊರಟೆ.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗೀತು. ಟೆಕ್ಸಾಸ್ ತುಂಬಾ ಮೇಯೋ ಉದ್ದ ಕೊಂಬಿನ ದನ. ಅಲ್ಲಿ ಒಂದರ ಬೆಲೆ ಸುಮಾರು 4 ಡಾಲರ್. ಉತ್ತರದ ಪಟ್ಟಣಗಳ ಮಾರುಕಟ್ಟೆಯಲ್ಲಿ 40 ಡಾಲರ್. ಮಧ್ಯದ ನೂರಾರು ಮೈಲಿ ಯಾರಾದ್ರೂ ಹೊಡ್ಕೊಂಡು ಹೋಗ್ಬೇಕು, ಕಾನ್ಸಾಸ್‌ನ ರೈಲ್ವೆ ಸ್ಟೇಷನ್‌ವರೆಗೂ. ಹಾಗೆ ಹೋದವರೇ ಕೌಬಾಯ್‌ಗಳು. ಸುಮಾರು 2,500 ದನಕ್ಕೆ ಹತ್ತು ಹನ್ನೆರಡು ಜನ. ತಿಂಗಳಿಗೆ 25ರಿಂದ 40 ಡಾಲರ್ ಸಂಬಳ. ಈ ಕಸುಬನ್ನ ಕಲಿಸಿದ್ದು ಮೆಕ್ಸಿಕೋ ಕಡೆಯ ವಕೇರೋಗಳು. ನಾಲ್ವರಲ್ಲಿ ಒಬ್ಬರು ಕಪ್ಪು ಜನ ಅಂತ ಇತಿಹಾಸಕಾರರ ಅಂದಾಜು. ಸಿನಿಮಾದಲ್ಲಿ ಅವರನ್ನ ಎಷ್ಟು ಸಲ ನೋಡಿದ್ದೀರಿ?

ಚಳಿಗಾಲ ಬಂದ್ರೆ ಹೆಚ್ಚಿನವರಿಗೆ ಕೆಲಸ ಇಲ್ಲ. ನಾಲ್ಕೈದು ಜನರನ್ನ ಇಟ್ಕೊಂಡು ಉಳಿದವರನ್ನ ಕಳಿಸಿಬಿಡ್ತಿದ್ರು. ಕುದುರೆ ಏರಿ ಒಂದು ರಾಂಚ್‌ನಿಂದ ಇನ್ನೊಂದಕ್ಕೆ, ಒಪ್ಪೊತ್ತಿನ ಊಟಕ್ಕೆ ಅಲೀತಿದ್ರು. 1883ರಲ್ಲಿ ಟೆಕ್ಸಾಸ್‌ನಲ್ಲಿ ಸಂಬಳ ಜಾಸ್ತಿ ಮಾಡಿ ಅಂತ ಕೌಬಾಯ್‌ಗಳು ಮುಷ್ಕರವನ್ನೂ ಮಾಡಿದ್ರು. ಗೆಲ್ಲಲಿಲ್ಲ. ಪಿಂಚಣಿ, ಪಿಎಫ್ ಮಾತೇ ಇಲ್ಲ. ವಯಸ್ಸಾದ ಕೌಬಾಯ್ ಅನ್ನೋ ಹುದ್ದೆಯೇ ಇರಲಿಲ್ಲ.

ಇನ್ನು ಯಜಮಾನರ ಕಡೆ ಬನ್ನಿ. 1881ರಲ್ಲಿ ಜೇಮ್ಸ್ ಬ್ರಿಸ್ಬಿನ್ ಅನ್ನೋರು, ಬಯಲಲ್ಲಿ ದನ ಬಿಟ್ಟು ಶ್ರೀಮಂತರಾಗೋದು ಹೇಗೆ ಅಂತ ಪುಸ್ತಕ ಬರೆದ್ರು. ಇವತ್ತಿನ ಕ್ರಿಪ್ಟೋ ವಿಡಿಯೋಗಳ ಥರಾನೇ. ಇಂಗ್ಲೆಂಡ್, ಸ್ಕಾಟ್ಲೆಂಡ್‌ನಿಂದ ದುಡ್ಡು ಹರಿದು ಬಂತು. ವ್ಯೋಮಿಂಗ್‌ನ ಸ್ವಾನ್ ಕಂಪನಿ 1883ರಲ್ಲಿ ಸ್ಕಾಟಿಷ್ ಬಂಡವಾಳದಿಂದಲೇ ಶುರುವಾಯ್ತು. ಆದ್ರೆ ಸಾವಿರಾರು ಮೈಲಿ ಬಯಲಲ್ಲಿ ಚದುರಿದ ದನ ಎಣಿಸೋರು ಯಾರು? ಎಣಿಸ್ತಿರಲಿಲ್ಲ. ಲೆಡ್ಜರ್‌ನಲ್ಲಿ ಇದ್ದ ಸಂಖ್ಯೆಗೆ ಪ್ರತಿ ವರ್ಷ ಇಷ್ಟು ಕರು ಹುಟ್ಟಿರುತ್ತೆ ಅಂತ ಸೇರಿಸ್ತಾ ಹೋಗೋದು. ಅದಕ್ಕೆ 'ಬುಕ್ ಕೌಂಟ್' ಅಂತಿದ್ರು. ಖರೀದಿ, ಮಾರಾಟ, ಸಾಲ ಎಲ್ಲಾ ಆ ಪುಸ್ತಕದ ದನಗಳ ಮೇಲೆ. ಇದನ್ನ ಹೇಳಿದಾಗ ದೊಡ್ಡಪ್ಪ ಫೋನಲ್ಲೇ ಹಣೆ ಚಚ್ಚಿಕೊಂಡ್ರು: "ಸ್ಟಾಕ್ ಇನ್‌ಸ್ಪೆಕ್ಷನ್ ಮಾಡ್ದೆ ಲೋನ್ ಕೊಟ್ರಾ?"

ಇನ್‌ಸ್ಪೆಕ್ಷನ್ ಮಾಡಿದ್ದು ಹಿಮ.

1886ರ ಬೇಸಿಗೆ ಉರಿ ಬಿಸಿಲು, ಹುಲ್ಲು ಸುಟ್ಟು ಹೋಗಿತ್ತು. ಬಯಲಲ್ಲಿ ಮೊದಲೇ ಮಿತಿಮೀರಿ ದನ. ಆ ವರ್ಷ ಹಿಮ ಬೇಗ ಬಂತು. ನಡುವೆ ಸ್ವಲ್ಪ ಬಿಸಿಯಾಗಿ ಮೇಲಿನ ಹಿಮ ಕರಗಿತು, ಮತ್ತೆ ಹೆಪ್ಪುಗಟ್ಟಿ ಕಲ್ಲಿನಂಥ ಪದರ ಆಯ್ತು. ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನುತ್ತೆ. ದನಕ್ಕೆ ಆ ಅಭ್ಯಾಸ ಇಲ್ಲ. 1887ರ ಜನವರಿಯಲ್ಲಿ ಮೊಂಟಾನಾ, ಡಕೋಟಾ, ವ್ಯೋಮಿಂಗ್ ಕಡೆ ಹಿಮಗಾಳಿಯ ಮೇಲೆ ಹಿಮಗಾಳಿ. ದನಗಳು ನಿಂತಲ್ಲೇ ಸತ್ತವು. ಮೊಂಟಾನಾದಲ್ಲಿ ಚಾರ್ಲ್ಸ್ ರಸೆಲ್ ಅನ್ನೋ ಯುವ ಕೌಬಾಯ್ ಇದ್ದ. ಯಜಮಾನ ಪತ್ರ ಬರೆದು ಮಂದೆ ಹೇಗಿದೆ ಅಂತ ಕೇಳಿದಾಗ, ಮೂಳೆ ಬಿಟ್ಟ ಒಂದು ದನ ಹಿಮದಲ್ಲಿ ನಿಂತಿರೋ ಪುಟ್ಟ ಚಿತ್ರ ಬರೆದು ಕಳಿಸಿದ. ಆ ಚಿತ್ರದಿಂದಲೇ ಅವನು ಕಲಾವಿದ ಅಂತ ಹೆಸರಾದ. ಮುಂದೆ ಅಧ್ಯಕ್ಷರಾದ ಥಿಯೋಡೋರ್ ರೂಸ್‌ವೆಲ್ಟ್ ಡಕೋಟಾದಲ್ಲಿ ರಾಂಚ್ ಇಟ್ಟಿದ್ರು. ಅವರ ದನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಹಿಮ ಕರಗಿದಾಗ ಪುಸ್ತಕದ ಲೆಕ್ಕ ಎಷ್ಟು ಸುಳ್ಳು ಅಂತಾನೂ ಗೊತ್ತಾಯ್ತು. ಸ್ವಾನ್ ಕಂಪನಿ ಅದೇ ವರ್ಷ ಮುಳುಗಿತು.

ಉಳಿದವರು ಪಾಠ ಕಲಿತರು. ಬಯಲಿಗೆ ಬೇಲಿ ಬಂತು, ಚಳಿಗಾಲಕ್ಕೆ ಒಣಹುಲ್ಲು ಕೂಡಿಡೋದು ಬಂತು. ಕೌಬಾಯ್ ಕುದುರೆಯಿಂದ ಇಳಿದು ಹುಲ್ಲು ಕೊಯ್ಯೋ, ಬೇಲಿ ತಂತಿ ಬಿಗಿಯೋ ಕೂಲಿ ಆದ. ಇಪ್ಪತ್ತು ಇಪ್ಪತ್ತೆರಡು ವರ್ಷದ ಕಸುಬು, ಅಷ್ಟೇ.

ಆದ್ರೆ ಅದೇ 1887ರಲ್ಲಿ ಬಫಲೋ ಬಿಲ್ ಅನ್ನೋ ಷೋಮನ್, ಕೌಬಾಯ್‌ಗಳನ್ನೂ ಅಮೆರಿಕದ ಮೂಲನಿವಾಸಿಗಳನ್ನೂ ಹಡಗಲ್ಲಿ ತುಂಬ್ಕೊಂಡು ಲಂಡನ್‌ಗೆ ಹೋದ. ವಿಕ್ಟೋರಿಯಾ ರಾಣಿ ಆಳ್ವಿಕೆಯ 50ನೇ ವರ್ಷ, ರಾಣಿಯೂ ಬಂದು ನೋಡಿದ್ರು. ಯಾರ ನೆಲ ಕಿತ್ಕೊಂಡು ಆ ಬಯಲಲ್ಲಿ ದನ ಮೇಯಿಸಿದ್ರೋ ಅವರೇ ಅಲ್ಲಿ ಟಿಕೆಟ್ ಆಟದ ಪಾತ್ರಧಾರಿಗಳು. ಅಲ್ಲಿಂದ ಕಾದಂಬರಿ, ಸಿನಿಮಾ, ಟಿವಿ. ಇಟಲಿಯವರೂ ಕೌಬಾಯ್ ಸಿನಿಮಾ ತೆಗೆದ್ರು. ಆ ಗಾಳಿ ನಮ್ಮ ರಾಮನಗರದ ಬಂಡೆಗಳಿಗೂ ಬೀಸಿ 1975ಕ್ಕೆ 'ಶೋಲೆ' ಆಯ್ತು. ನಿಜವಾದ ಕೌಬಾಯ್ ಪಟ್ಟಣಗಳಲ್ಲಿ ಬಂದೂಕಿಗೆ ನಿರ್ಬಂಧ ಇತ್ತು ಅನ್ನೋದು ಮಾತ್ರ ಎಲ್ಲರಿಗೂ ಮರೆತೇಹೋಯ್ತು. ಅರಿಜೋನಾದ ಟೂಂಬ್‌ಸ್ಟೋನ್‌ನಲ್ಲಿ 1881ರಲ್ಲೇ, ಊರೊಳಗೆ ಬಂದೂಕು ಹಿಡ್ಕೊಂಡು ಓಡಾಡಬಾರದು ಅಂತ ಕಾಯ್ದೆ ಇತ್ತು.

ಈಗ ಲೆಕ್ಕ ಹಾಕಿ. ಕೌಬಾಯ್ ಕಸುಬು ಹಿಮದಲ್ಲಿ ಮುಗಿದದ್ದು 1887. ಆಟದ ಸೊಸೈಟಿ ಹುಟ್ಟಿದ್ದು 1987. ಸರಿಯಾಗಿ ನೂರು ವರ್ಷ. ಕಾಕತಾಳೀಯ ಇರಬಹುದು. ಆದ್ರೆ ಆ ನೂರು ವರ್ಷದಲ್ಲಿ ಹೊಸದೊಂದು ಹುಟ್ಟಿತ್ತು: ನಿವೃತ್ತ ಜೀವನ. 1935ರಲ್ಲಿ ಅಮೆರಿಕ ಸೋಶಿಯಲ್ ಸೆಕ್ಯೂರಿಟಿ ಕಾಯ್ದೆ ತಂದು, 65ಕ್ಕೆ ಪಿಂಚಣಿ ಅಂತ ಇಟ್ಟಿತು. 1960ರ ಜನವರಿ 1ರಂದು ಫೀನಿಕ್ಸ್ ಹತ್ರ, ನಿವೃತ್ತರಿಗೆ ಅಂತಾನೇ ಕಟ್ಟಿದ ಸನ್ ಸಿಟಿ ಬಾಗಿಲು ತೆರೆಯಿತು. ಚಳಿ ರಾಜ್ಯಗಳ ಹಿರಿಯರು ಹಕ್ಕಿಗಳ ಥರ ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗೋದು ರೂಢಿಯಾಯ್ತು. ಅವರನ್ನ ಸ್ನೋಬರ್ಡ್ ಅಂತಾರೆ. ಫೀನಿಕ್ಸ್ ಹತ್ರಾನೇ ಈ ಶೂಟಿಂಗ್ ಆಟದ 'ವಿಂಟರ್ ರೇಂಜ್' ಅನ್ನೋ ದೊಡ್ಡ ಪಂದ್ಯವೂ ನಡೆಯುತ್ತೆ.

ನಮ್ಮ ಪಕ್ಕದ್ಮನೆಯವರೂ ಮೊದಲು ಹೋಗ್ತಿದ್ರಂತೆ. ಈಗ ಮಂಡಿ ನೋವು, ಅಷ್ಟು ದೂರ ಕಾರು ಓಡಿಸೋಕಾಗಲ್ಲ. ಹಾಗಾಗಿ ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲೇ ತಯಾರಿ. ಖಾಲಿ ಹಿತ್ತಾಳೆ ಕೇಸುಗಳಿಗೆ ಮತ್ತೆ ಮದ್ದು ತುಂಬಿ, ಸೀಸದ ಗುಂಡು ಕೂರಿಸೋದು. ಸೊಂಟದ ಬೆಲ್ಟಿಗೆ ಎಣ್ಣೆ ಹಚ್ಚೋದು. ಖಾಲಿ ರಿವಾಲ್ವರ್ ಹಿಡಿದು ಗೋಡೆಗೆ ಗುರಿ ಇಟ್ಟು ಕೈ ಪಳಗಿಸೋದು. ದೊಡ್ಡಪ್ಪ ದಿನಾ ಮಧ್ಯಾಹ್ನ ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋಗಿ, ಕುರ್ಚಿ ಹಾಕ್ಕೊಂಡು ನೋಡೋಕೆ ಶುರು ಮಾಡಿದ್ರು. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಧ ಅರ್ಥ ಆಗ್ತಿತ್ತು. ಅದು ಸಾಕಾಗಿತ್ತು ಅನ್ಸುತ್ತೆ.

ನನಗೆ ಬಂದೂಕು ಕಂಡ್ರೆ ಆಗಲ್ಲ. ಅಮೆರಿಕದ ಸ್ಕೂಲುಗಳಲ್ಲಿ ಮಕ್ಕಳು ಗುಂಡಿಗೆ ಬಲಿಯಾದ ಸುದ್ದಿ ಓದಿದವರಿಗೆ ಇದು ಬರೀ ಆಟ ಅಂತ ನುಂಗೋಕೆ ಕಷ್ಟ. ಅಣ್ಣನಿಗೂ ಭಯ ಇತ್ತು. ದೊಡ್ಡಪ್ಪನೇ ಅವನಿಗೆ ಸಮಾಧಾನ ಹೇಳಿದ್ರು, ನಾನು ಮುಟ್ಟಲ್ಲ ಅಂತ. ವಿಸಿಟರ್ ವೀಸಾದವರು ಬಂದೂಕು, ಗುಂಡು ಇಟ್ಕೊಳ್ಳೋಕೆ ಅಲ್ಲಿನ ಕಾನೂನೂ ಸಾಮಾನ್ಯವಾಗಿ ಬಿಡಲ್ಲ.

ಏಪ್ರಿಲ್ ಕೊನೆಯ ಶನಿವಾರ ಸೀಸನ್ನಿನ ಮೊದಲ ಪಂದ್ಯ. ಬೇಲಿ ಮೂಲೆಯಲ್ಲಿ ಇನ್ನೂ ಕೊಳೆ ಹಿಮ. ದೊಡ್ಡಪ್ಪ ನೋಡೋಕೆ ಹೋದ್ರು. ಅಲ್ಲಿ ಸ್ಕೋರ್ ಬರೆಯೋಕೆ ಒಬ್ಬರು ಕಮ್ಮಿ ಇದ್ರು. ಟೈಮರ್‌ನ ಸೆಕೆಂಡು, ತಪ್ಪಿದ ಗುರಿಗೆ ಐದೈದು ಸೇರಿಸಿ ಒಟ್ಟು ಮೊತ್ತ. ಬ್ಯಾಂಕಲ್ಲಿ 36 ವರ್ಷ ಕೂಡಿಸಿದ ಮನುಷ್ಯ. ಕ್ಲಿಪ್‌ಬೋರ್ಡ್ ಕೈಗೆ ಬಂತು. ಸಂಜೆ ಹೊತ್ತಿಗೆ ಹಿಂದಿನವರು ಮಾಡಿದ್ದ ಎರಡು ತಪ್ಪನ್ನೂ ಹಿಡಿದಿದ್ರು.

ಸ್ಕೋರ್ ಬರೆಯೋರಿಗೂ ಒಂದು ಹೆಸರು ಬೇಕಲ್ಲ ಅಂತ ಅಲ್ಲಿದ್ದವರು ಕೇಳಿದ್ರಂತೆ. ದೊಡ್ಡಪ್ಪ ಯೋಚನೆ ಮಾಡಿ ಹೇಳಿದ್ರು: "ದಾವಣಗೆರೆ ಕಿಡ್." 66 ವರ್ಷದ ಕಿಡ್. ಆ ಹೆಸರು ಯಾರ ಬಾಯಲ್ಲೂ ಸರಿಯಾಗಿ ಹೊರಳಲಿಲ್ಲ. ಆದ್ರೂ ದಿನವಿಡೀ ಕರೆದ್ರು.

ಮೇ ಮೊದಲ ವಾರ ಅವರು ಊರಿಗೆ ಬಂದ್ರು. ಗ್ರೀನ್ ಕಾರ್ಡ್ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ. ಮನೇಲಿ ಆ ಮಾತು ಬಂದ್ರೆ ಎದ್ದು ಹೊರಗೆ ಹೋಗ್ತಾರೆ. ನಾನೂ ಕೇಳಲ್ಲ. ಒಂದಂತೂ ನನಗೆ ಗೊತ್ತಾಯ್ತು. ಅಪ್ಪ ಅಮ್ಮನನ್ನ ನಾವು ಬೆಚ್ಚಗಿನ ಮನೇಲಿ, ಒಳ್ಳೇ ವೈಫೈ ಕೊಟ್ಟು ಕೂರಿಸಿದ್ರೆ ಮುಗೀತು ಅನ್ಕೋತೀವಿ. ಅವರಿಗೆ ಬೇಕಾಗಿರೋದು ಒಂದು ಕೆಲಸ, ಕೆಲಸದ ಜೊತೆ ಬರೋ ಹೆಸರು. ಹಳೇ ಕೌಬಾಯ್‌ಗಳಿಗೆ ಯಾರೂ ಅದನ್ನ ಕೊಡಲಿಲ್ಲ. ಹಿಮ ಬಿದ್ದ ತಕ್ಷಣ ಕುದುರೆ ಹತ್ತಿಸಿ ಕಳಿಸಿಬಿಟ್ರು.

ಹೋದ ವಾರ ದೊಡ್ಡಪ್ಪನ ಹತ್ರ ಕೇಳಿದೆ: "ದೊಡ್ಡಪ್ಪ, ದನ ಕಾಯೋಕೆ ಹೋಗು ಅಂತ ನನಗೆ ಬೈದಿದ್ದು ನೆನಪಿದ್ಯಾ?" ಅವರು ಪೇಪರ್‌ನಿಂದ ತಲೆ ಎತ್ತದೆ ಹೇಳಿದ್ರು: "ಈಗ್ಲೂ ಬೈತೀನಿ. 41 ಮಾರ್ಕ್ಸಿಗೆ ಅಲ್ಲಿ ಸ್ಕೋರ್ ಬರೆಯೋ ಕೆಲ್ಸಾನೂ ಸಿಗಲ್ಲ."

ಇವತ್ತಿಗೆ ಇಷ್ಟೇ. ಊರಲ್ಲೋ ಹೊರದೇಶದಲ್ಲೋ ಕಿಟಕಿ ಹತ್ರ ಒಬ್ಬರೇ ಕೂತಿರೋರು ನಿಮ್ಮ ಮನೇಲಿ ಇದ್ರೆ, ಈ ಎಪಿಸೋಡ್ ಫಾರ್ವರ್ಡ್ ಮಾಡೋ ಮುಂಚೆ ಅವರಿಗೊಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ.